ಹನಿ ಕ್ರೀಕ್ ಸೇತುವೆ ಕುಸಿದ ರಾತ್ರಿ

1881ರ ಜುಲೈ 6. ರಾತ್ರಿ ಹನ್ನೊಂದರ ಸುಮಾರು. ಅಮೆರಿಕದ ಐಯೋವಾ ರಾಜ್ಯದ ಬೂನ್ ಕೌಂಟಿಯಲ್ಲಿ, ಹನಿ ಕ್ರೀಕ್ ಎಂಬ ಹಳ್ಳದ ಪಕ್ಕದ ಮನೆಯವರಿಗೆ ರೈಲು ಎಂಜಿನ್ನಿನ ಗಂಟೆ ಎರಡು ಸಲ ಬಡಿದದ್ದು ಕೇಳಿಸಿತು. ಹಿಂದೆಯೇ ಏನೋ ಮುರಿದು ಬಿದ್ದ ಸದ್ದು, ಆಮೇಲೆ ಹಬೆ ಭುಸುಗುಟ್ಟುವ ಸದ್ದು. ಆ ಮನೆಯ ಯಜಮಾನ ಹಳಿ ನೋಡಿಕೊಳ್ಳುವ ಗ್ಯಾಂಗಿನ ಮೇಸ್ತ್ರಿಯಾಗಿದ್ದವನು, ಮೂರು ವರ್ಷದ ಹಿಂದೆ ತೀರಿಕೊಂಡಿದ್ದ. ಏನಾಯಿತೆಂದು ಅವನ ಮಗಳು ಕೇಟ್ ಶೆಲ್ಲಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳಿಗಿನ್ನೂ ಹದಿಹರೆಯ.

ಅಂಥ ಮಳೆಯಲ್ಲಿ ಆ ಎಂಜಿನ್ ಅಲ್ಲಿಗೆ ಯಾಕೆ ಬಂತು? ಅದಕ್ಕೆ ಮೊಯಿಂಗೋನಾ ಎಂಬ ಊರು ಯಾಕಿತ್ತು ಅನ್ನುವುದು ತಿಳಿಯಬೇಕು. ಶಿಕಾಗೊ ಅಂಡ್ ನಾರ್ತ್ ವೆಸ್ಟರ್ನ್ ರೈಲು ಕಂಪನಿಯ ದಾರಿ 1867ರಲ್ಲಿ ಪಶ್ಚಿಮದ ಕೌನ್ಸಿಲ್ ಬ್ಲಫ್ಸ್ ತಲುಪಿತು. ನಡುವೆ ಡೆ ಮೊಯ್ನ್ ನದಿಯ ಆಳವಾದ ಕಣಿವೆ. ಹಳಿ ಪೂರ್ವದ ಬೂನ್ ಕಡೆಯಿಂದ ಹಳ್ಳದ ಜಾಡು ಹಿಡಿದು ಇಳಿದು, ನದಿ ದಾಟಿ, ಆಚೆ ದಡದ ಮೊಯಿಂಗೋನಾ ಹಾಯ್ದು ಮತ್ತೆ ಒಗ್ಡನ್ ಕಡೆಗೆ ಹತ್ತುತ್ತಿತ್ತು. ಎರಡೂ ಕಡೆ ಕಡಿದಾದ ಏರು. ಭಾರದ ಗಾಡಿಯನ್ನು ಒಂದೇ ಎಂಜಿನ್ ಎಳೆದು ಮೇಲೆ ತರಲಾರದು. ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್ ಬೇಕು. ಆ ಬ್ಯಾಂಕರ್‌ಗಳು ನಿಲ್ಲುತ್ತಿದ್ದದ್ದು ಮೊಯಿಂಗೋನಾದಲ್ಲಿ. ಜೊತೆಗೆ ಸುತ್ತ ಕಲ್ಲಿದ್ದಲಿನ ಗಣಿಗಳು. ಏರು ಮತ್ತು ಕಲ್ಲಿದ್ದಲು, ಊರಿನ ಅನ್ನ ಇವೆರಡರಿಂದಲೇ.

ಎಷ್ಟೋ ದಿನದಿಂದ ಮಳೆ ಸುರಿದು ನೆಲ ನೀರು ಕುಡಿದು ಸಾಕಾಗಿತ್ತು. ಆ ರಾತ್ರಿ ಬಿದ್ದದ್ದೆಲ್ಲ ನೇರ ಹಳ್ಳಕ್ಕೆ ಇಳಿಯಿತು. ಮರದ ಕಂಬಗಳ ಮೇಲೆ ನಿಂತ ಸೇತುವೆಗಳಿಗೆ ನೀರಿಗಿಂತ ನೀರು ಹೊತ್ತು ತರುವ ದಿಮ್ಮಿ, ಬೇರುಗಳೇ ಹೆಚ್ಚು ಅಪಾಯ. ಅವು ಕಂಬಗಳಿಗೆ ಅಡ್ಡ ಸಿಕ್ಕಿ ಒಡ್ಡಿನಂತೆ ನಿಲ್ಲುತ್ತವೆ, ಹಿಂದೆ ನೀರು ಏರುತ್ತದೆ, ಬುಡದ ಮಣ್ಣು ಕೊಚ್ಚಿಹೋಗುತ್ತದೆ. ಮೇಲೆ ಹಳಿ ಮಾತ್ರ ಸರಿಯಾಗಿಯೇ ಕಾಣುತ್ತಿರುತ್ತದೆ; ಎಂಜಿನ್ನಿನ ದೀಪಕ್ಕೆ ಕಾಣುವುದು ಹಳಿ, ಕಂಬದ ಬುಡವಲ್ಲ. ಹಳಿಯ ಸ್ಥಿತಿ ನೋಡಿಬರಲು ಮೊಯಿಂಗೋನಾದ ಬ್ಯಾಂಕರ್ ಒಂದನ್ನು ನಾಲ್ಕು ಜನರೊಂದಿಗೆ ಕಳಿಸಿದ್ದರು. ಸೇತುವೆ ಸಮೇತ ಅದು ಹಳ್ಳಕ್ಕೆ ಬಿತ್ತು. ಇಬ್ಬರು ಸತ್ತರು. ಡ್ರೈವರ್ ಎಡ್ವರ್ಡ್ ವುಡ್ ಮತ್ತು ಬ್ರೇಕ್‌ಮನ್ ಆಡಮ್ ಏಗರ್ ಪ್ರವಾಹದ ನಡುವೆ ಮರ ಹಿಡಿದುಕೊಂಡರು.

ಮಧ್ಯರಾತ್ರಿಯ ಹೊತ್ತಿಗೆ ಪಶ್ಚಿಮದಿಂದ ಶಿಕಾಗೊ ಎಕ್ಸ್‌ಪ್ರೆಸ್ ಬರುವುದಿತ್ತು, ಸುಮಾರು 200 ಪ್ರಯಾಣಿಕರೊಂದಿಗೆ. ಅಮ್ಮ ಬೇಡವೆಂದರೂ ಕೇಟ್ ಲಾಂದ್ರ ಹಿಡಿದು ಹೊರಟಳು. ಹಳ್ಳದ ಸೇತುವೆ ಹೋಗಿತ್ತು; ಗಾಡಿ ತಡೆಯಲು ಮೊಯಿಂಗೋನಾ ಸ್ಟೇಷನ್ನಿಗೆ ಸುದ್ದಿ ಮುಟ್ಟಿಸಬೇಕು, ಅಲ್ಲಿಗೆ ಹೋಗಲು ನದಿಯ ದೊಡ್ಡ ಸೇತುವೆ ದಾಟಲೇಬೇಕು. ಅದು ಸುಮಾರು 700 ಅಡಿ ಉದ್ದ. ನಡೆಯುವವರಿಗೆ ಹಲಗೆಯಿಲ್ಲ, ಹಳಿಯ ಕೆಳಗಿನ ಅಡ್ಡ ಮರ, ಅಂದರೆ ಸ್ಲೀಪರ್, ಒಂದರಿಂದ ಇನ್ನೊಂದಕ್ಕೆ ಒಂದು ಹೆಜ್ಜೆಯ ಅಂತರ, ಕೆಳಗೆ ಉಕ್ಕುವ ಹೊಳೆ. ಲಾಂದ್ರ ಆರಿಹೋಯಿತು. ಅಂಗೈ, ಮೊಣಕಾಲು ಊರಿ, ಮುಂದಿನ ಸ್ಲೀಪರ್ ಎಲ್ಲಿದೆಯೆಂದು ಕೈಯಿಂದ ತಡವಿಕೊಂಡು, ಮಿಂಚಿದಾಗಷ್ಟೇ ಕಣ್ಣಿಗೆ ಕಂಡಷ್ಟು ಕಂಡು ದಾಟಿದಳು. ಅಲ್ಲಿಂದ ಇನ್ನೂ ಅರ್ಧ ಮೈಲಿ ಓಡಬೇಕಿತ್ತು.

ಇನ್ನೂರು ಜನರನ್ನು ಉಳಿಸಿದ ಹುಡುಗಿ ಎಂದೇ ಅವಳನ್ನು ಹೊಗಳುವುದು ರೂಢಿ. ಆದರೆ ಎಕ್ಸ್‌ಪ್ರೆಸ್ಸನ್ನು ಅಷ್ಟರಲ್ಲೇ ಒಗ್ಡನ್‌ನಲ್ಲಿ ತಡೆದಿದ್ದರು ಎಂದೂ ದಾಖಲಾಗಿದೆ. ಇದರಿಂದ ಅವಳ ಕೆಲಸ ಕಿರಿದಾಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸುದ್ದಿ ಮುಟ್ಟಿಸಿ ಅವಳು ಕೂತುಬಿಡಲಿಲ್ಲ. ನೆರವಿನವರನ್ನು ಕಟ್ಟಿಕೊಂಡು ಅದೇ ಕತ್ತಲಲ್ಲಿ ಹಿಂದಿರುಗಿ ಮರದ ಮೇಲಿದ್ದವರ ಜಾಗ ತೋರಿಸಿದಳು. ವುಡ್ ಮತ್ತು ಏಗರ್ ಬದುಕಿದ್ದು ಖಚಿತವಾಗಿ ಅವಳಿಂದ.

ಕಂಪನಿ ಅವಳಿಗೆ ಕೊಟ್ಟದ್ದು 100 ಡಾಲರ್, ಅರ್ಧ ಪೀಪಾಯಿ ಹಿಟ್ಟು, ಒಂದಿಷ್ಟು ಕಲ್ಲಿದ್ದಲು, ಜೀವನಪರ್ಯಂತ ಓಡಾಡಲು ಪಾಸು. ಗಂಡಸಿಲ್ಲದ ಮನೆಗೆ ಹಿಟ್ಟೂ ಕಲ್ಲಿದ್ದಲೂ ಬೇಕಾದವೇ. ರಾಜ್ಯ ಚಿನ್ನದ ಪದಕ ಕೊಟ್ಟಿತು. 1903ರಿಂದ ಅವಳು ಮೊಯಿಂಗೋನಾದ ಸ್ಟೇಷನ್ ಏಜೆಂಟ್; ಅಂದು ತಾನು ಓಡಿಬಂದ ಊರಿನ ಸ್ಟೇಷನ್ನಿನ ಹೊಣೆಯೇ ಅವಳದಾಯಿತು. ತೀರಿಕೊಂಡದ್ದು 1912ರ ಜನವರಿಯಲ್ಲಿ.

ಅವಳು ಆ ಕೆಲಸಕ್ಕೆ ಸೇರುವ ಹೊತ್ತಿಗೆ ಊರಿನ ಕಾಲ ಮುಗಿಯುತ್ತ ಬಂದಿತ್ತು. 1901ರಲ್ಲಿ ಬೂನ್‌ನ ಪಶ್ಚಿಮಕ್ಕೆ ಕಣಿವೆಯ ಈ ನೆತ್ತಿಯಿಂದ ಆ ನೆತ್ತಿಗೆ ಉಕ್ಕಿನ ಜೋಡಿಹಳಿ ಸೇತುವೆ ತೆರೆಯಿತು. ಜಾರ್ಜ್ ಮೋರಿಸನ್ ವಿನ್ಯಾಸ; 2,685 ಅಡಿ ಉದ್ದ, 185 ಅಡಿ ಎತ್ತರ. ಮುಖ್ಯ ದಾರಿಯ ಗಾಡಿಗಳು ಇನ್ನು ಕಣಿವೆಗೆ ಇಳಿಯಬೇಕಿಲ್ಲ. ಏರಿಲ್ಲ, ಆದ್ದರಿಂದ ಬ್ಯಾಂಕರ್ ಬೇಡ; ಬ್ಯಾಂಕರ್ ಇಲ್ಲದ ಮೇಲೆ ಅದರ ಡ್ರೈವರ್, ಫೈರ್‌ಮನ್‌ಗಳಿಗೂ ಕೆಲಸವಿಲ್ಲ. ಕೆಳಗಿನ ಹಳಿ ಕೆಲವು ದಶಕ ಎಳೆದಾಡಿಕೊಂಡಿದ್ದು ಕೊನೆಗೆ ಹೋಯಿತು. ಊರಿಗೆ ತನ್ನದೇ ನಗರಾಡಳಿತವಿಲ್ಲ, ಎಲ್ಲವೂ ಕೌಂಟಿಯ ಕೈಯಲ್ಲಿ.

ಊರಿನ ಕೆಲಸ ಕಿತ್ತುಕೊಂಡ ಆ ಸೇತುವೆಗೆ ಜನ ಕೇಟ್ ಶೆಲ್ಲಿಯ ಹೆಸರನ್ನೇ ಇಟ್ಟರು. 2009ರಲ್ಲಿ ಯೂನಿಯನ್ ಪೆಸಿಫಿಕ್ ರೈಲು ಕಂಪನಿ ಅದರ ಪಕ್ಕದಲ್ಲೇ ಹೊಸ ಸೇತುವೆ ಕಟ್ಟಿದಾಗಲೂ ಅದೇ ಹೆಸರು. ಅದರ ಮೇಲೆ ಎರಡು ಗಾಡಿ ಒಟ್ಟಿಗೆ ಗಂಟೆಗೆ 70 ಮೈಲಿ ವೇಗದಲ್ಲಿ ಹೋಗಬಹುದು. ಕೆಳಗೆ ಮೊಯಿಂಗೋನಾದಲ್ಲಿ ಈಗ ಅವಳ ಹೆಸರಿನ ರೈಲು ಮ್ಯೂಸಿಯಂ ಇದೆ.