ಗೂಗಲ್ ಮ್ಯಾಪ್ ಇದೆಯಲ್ಲ, ಮತ್ತೆ ನೀನ್ಯಾಕೆ ನಕ್ಷೆ ಮಾಡ್ತೀಯಾ?

ಶಿರಸಿಯಲ್ಲಿ ಗೆಳೆಯರು ಕೇಳುತ್ತಾರೆ, ಕುಮಟಾ ಕಡೆ ನೆಂಟರ ಮನೆಗೆ ಹೋದರೆ ಅಲ್ಲೂ ಕೇಳುತ್ತಾರೆ. ಸೋದರತ್ತೆಯ ಪ್ರಶ್ನೆ ಇನ್ನೂ ನೇರ: "ದುಡ್ಡಿಲ್ಲೆ ಎಂತಿಲ್ಲೆ, ಇದ್ನ ಎಂತಕ್ಕೆ ಮಾಡ್ತೆ ತಮಾ?" ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವ ಬದಲು ಪೂರ್ತಿ ಉತ್ತರ ಇಲ್ಲೇ ಬರೆಯುತ್ತೇನೆ.

ಮೊದಲು ನಾನು ಮಾಡುವುದೇನು ಅಂತ ಹೇಳಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಇಡೀ ಜಗತ್ತಿನ ಒಂದು ನಕ್ಷೆ ಇದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಶುರು ಮಾಡಿದ್ದು. ಆಗ ಅಲ್ಲಿ ಸರ್ಕಾರಿ ನಕ್ಷೆಯ ಮಾಹಿತಿ ಬಳಸಬೇಕಂದರೆ ದುಬಾರಿ ಶುಲ್ಕ ಕೊಡಬೇಕಿತ್ತು, ಹಾಗಾದರೆ ನಾವೇ ಮಾಡೋಣ ಅಂತ ಹೊರಟರು. ಖಾತೆ ತೆರೆದರೆ ಸಾಕು, ಯಾರು ಬೇಕಾದರೂ ರಸ್ತೆ, ಕೆರೆ, ಶಾಲೆ, ಬಸ್ ಸ್ಟಾಪ್ ಸೇರಿಸಬಹುದು, ತಪ್ಪಿದ್ದರೆ ತಿದ್ದಬಹುದು. ಪೂರ್ತಿ ಮಾಹಿತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾನು ಶಿರಸಿ, ಸಿದ್ದಾಪುರ, ಕುಮಟಾ ಸುತ್ತಲಿನದನ್ನು ಸೇರಿಸುತ್ತೇನೆ.

ಯಾಕೆ ಅಂದರೆ, ನಮ್ಮೂರಿನ ನಕ್ಷೆಯನ್ನು ತಿದ್ದುವ ಹಕ್ಕು ನಮ್ಮೂರಿನವರ ಕೈಯಲ್ಲಿ ಇರಬೇಕು. ಯಾರನ್ನೋ ಕೇಳಿ, ಅವರು ಒಪ್ಪಿದರೆ ಆಯಿತು ಅನ್ನುವ ಹಾಗೆ ಇರಬಾರದು.

ಗೂಗಲ್ ಮ್ಯಾಪ್ ಮೇಕರ್ ನಿಮಗೆ ನೆನಪಿದೆಯಾ? 2008ರಲ್ಲಿ ಬಂತು. ಭಾರತದಲ್ಲಿ ಬಹಳ ಜನ ತಮ್ಮೂರಿನ ರಸ್ತೆಗಳನ್ನು ಅದರಲ್ಲಿ ಎಳೆದರು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿ ಒಪ್ಪುತ್ತಿದ್ದರು. 2017ರ ಮಾರ್ಚ್‌ನಲ್ಲಿ ಕಂಪನಿ ಅದನ್ನು ಮುಚ್ಚಿತು. ಜನ ಕೊಟ್ಟ ಮಾಹಿತಿ ಕಂಪನಿಯ ಹತ್ತಿರವೇ ಉಳಿಯಿತು, ಅವರು ಸೇರುತ್ತಿದ್ದ ಜಾಗ ಮಾತ್ರ ಹೋಯಿತು. ಈಗಲೂ ತಿದ್ದುಪಡಿ ಸೂಚಿಸಬಹುದು, ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ಗೂಗಲ್ ಮ್ಯಾಪ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿಗೆ ಹೋದರೆ ಟ್ರಾಫಿಕ್ ನೋಡಲು ನಾನೂ ಅದನ್ನೇ ತೆರೆಯುತ್ತೇನೆ. ಆದರೆ ನಾನು ಬಿಡುವು ಮಾಡಿಕೊಂಡು ಮಾಡಿದ ಕೆಲಸ ನಾಳೆ ನನ್ನ ಊರಿನವರಿಗೇ ಸಿಗದೆ ಹೋಗಬಾರದು, ಅಲ್ವಾ?

ಇನ್ನೊಂದು ವಿಷಯ, ನನಗೆ ಇದೇ ದೊಡ್ಡದು. ಕುಮಟಾದ ಹತ್ತಿರ ಅಘನಾಶಿನಿ ಸಮುದ್ರ ಸೇರುವ ಕಡೆ, ಮಾಣಿಕಟ್ಟಾ ಸುತ್ತಮುತ್ತ, ಗಜನಿ ಭೂಮಿ ಇದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಬೆಳೆಯುತ್ತಾರೆ, ಉಪ್ಪು ನೀರನ್ನು ತಡೆದುಕೊಳ್ಳುವ ಭತ್ತ ಅದು. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಈಗ ಯೋಚನೆ ಮಾಡಿ, ಎಲ್ಲೋ ದೂರದಲ್ಲಿ ಕೂತವರು ಉಪಗ್ರಹದ ಚಿತ್ರ ನೋಡಿ ಇದನ್ನು ನಕ್ಷೆಗೆ ಹಾಕಬೇಕು. ಚಿತ್ರ ತೆಗೆದ ತಿಂಗಳಿನ ಮೇಲೆ, ಆ ಹೊತ್ತಿನ ಉಬ್ಬರ ಇಳಿತದ ಮೇಲೆ ಅದು ಗದ್ದೆಯಾಗಿ ಕಾಣಬಹುದು, ಕೆರೆಯಾಗಿ ಕಾಣಬಹುದು, ಬರೀ ಕೆಸರಾಗಿಯೂ ಕಾಣಬಹುದು. ಒಬ್ಬರು ನೀರು ಅಂತ ಗುರುತು ಹಾಕಿದರೆ ಇನ್ನೊಬ್ಬರು ಬಂದು ಕೃಷಿಭೂಮಿ ಅಂತ ಬದಲಿಸುತ್ತಾರೆ. ಇಬ್ಬರೂ ಕಂಡದ್ದನ್ನೇ ಬರೆದಿದ್ದಾರೆ. ಅಲ್ಲಿ ವರ್ಷವಿಡೀ ಏನೇನು ನಡೆಯುತ್ತದೆ ಅಂತ ಗೊತ್ತಿರುವುದು ಆ ಕಟ್ಟೆಯ ಮೇಲೆ ಓಡಾಡುವವರಿಗೆ ಮಾತ್ರ, ಮತ್ತು ಅವರಲ್ಲಿ ಯಾರೂ ಈ ಕೆಲಸಕ್ಕೆ ಬರದಿದ್ದರೆ ದೂರದವರು ಹಾಕಿದ್ದೇ ಉಳಿಯುತ್ತದೆ.

ಘಟ್ಟದ ಮೇಲೆ ಬೇರೆ ತೊಂದರೆ. ಆಕಾಶದಿಂದ ನೋಡಿದರೆ ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಕಾಡು ಎಲ್ಲ ಒಂದೇ ಹಸಿರು. ಮರದಡಿಯ ಕಾಲುದಾರಿ ಕಾಣುವುದಿಲ್ಲ. ಹಳ್ಳಕ್ಕೆ ಹಾಕಿದ ಕಾಲುಸಂಕವಂತೂ ಕಾಣುವುದೇ ಇಲ್ಲ. ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಹೋಗುವುದು, ಕಾಯಿಲೆಯವರನ್ನು ರಸ್ತೆಯ ತನಕ ಹೊತ್ತು ತರುವುದು ಆ ಸಂಕದ ಮೇಲೆಯೇ. ಅದು ಮರದ್ದೋ ಸಿಮೆಂಟಿನದ್ದೋ, ಮೇಲೆ ಬೈಕ್ ಹೋಗುತ್ತದೋ ಇಲ್ಲವೋ, ಮಳೆಗಾಲದಲ್ಲಿ ದಾಟಬಹುದೋ, ಎಲ್ಲವನ್ನೂ ಈ ನಕ್ಷೆಯಲ್ಲಿ ಬರೆಯಲು ಜಾಗ ಇದೆ. ಇನ್ನೊಂದು ಉಪಯೋಗ, ಆರ್ಗ್ಯಾನಿಕ್ ಮ್ಯಾಪ್ಸ್ ಥರದ ಆ್ಯಪ್‌ಗಳು ಇದೇ ಮಾಹಿತಿಯನ್ನು ಫೋನಿಗೆ ಇಳಿಸಿ ಇಟ್ಟುಕೊಳ್ಳುತ್ತವೆ. ನೆಟ್‌ವರ್ಕ್ ಇಲ್ಲದ ಕಡೆಯೂ ನಕ್ಷೆ ತೆರೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಅಂಥ ಜಾಗ ಎಷ್ಟಿದೆ ಅಂತ ನಾನು ಹೇಳಬೇಕಾಗಿಲ್ಲ.

"ಯಾರು ಬೇಕಾದರೂ ಬರೆಯಬಹುದು ಅಂದರೆ ಸುಳ್ಳು ಬರೆದರೆ?" ಅಂತ ಕೇಳುತ್ತಾರೆ. ಬರೆಯಬಹುದು. ಆದರೆ ಯಾರು, ಯಾವಾಗ, ಏನು ಬದಲಿಸಿದರು ಅನ್ನುವುದು ಪೂರ್ತಿ ಉಳಿದಿರುತ್ತದೆ, ಹಿಂದಿನ ಸ್ಥಿತಿಗೆ ತರುವುದು ಕಷ್ಟವಲ್ಲ. ಮುಖ್ಯ ನಿಯಮ ಏನಂದರೆ, ಆ ಜಾಗಕ್ಕೆ ಹೋದವರು ಕಣ್ಣಾರೆ ನೋಡಿ ಹೌದು ಅನ್ನುವಂಥದ್ದನ್ನು ಮಾತ್ರ ಹಾಕಬೇಕು. ಬೇರೆ ಕಂಪನಿಯ ನಕ್ಷೆ ನೋಡಿ ನಕಲು ಮಾಡುವ ಹಾಗಿಲ್ಲ. ಹೆಸರಿನ ವಿಷಯಕ್ಕೆ ಭಿನ್ನಾಭಿಪ್ರಾಯ ಬರುತ್ತದೆ, ಅದರಲ್ಲೂ ಕಾರವಾರದ ಕಡೆ ಕೊಂಕಣಿ, ಕನ್ನಡ ಎರಡೂ ಇವೆ. ಎರಡಕ್ಕೂ ಬೇರೆ ಬೇರೆ ಜಾಗ ಇರುವುದರಿಂದ ಒಂದನ್ನು ಅಳಿಸಿ ಇನ್ನೊಂದನ್ನು ಬರೆಯಬೇಕಾಗಿಲ್ಲ. ಉಳಿದದ್ದನ್ನು ಮಾತಾಡಿ ತೀರ್ಮಾನಿಸುತ್ತೇವೆ. ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ.

ಹಾಕದೇ ಇರುವುದೂ ಇದೆ. ಮನೆಯ ಯಜಮಾನರ ಹೆಸರನ್ನು ಹಾಕುವುದಿಲ್ಲ, ಅದು ಅವರ ಖಾಸಗಿ ವಿಷಯ. ಕಾರವಾರದ ನೌಕಾನೆಲೆ, ಕೈಗಾ, ಇವುಗಳ ಒಳಗಿನದನ್ನು ನಾನು ಮುಟ್ಟುವುದಿಲ್ಲ. ಜಲಪಾತಗಳ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಒಂದು ಚಿಕ್ಕ ಅಬ್ಬಿಯ ದಾರಿ ಫೋನಿನಲ್ಲಿ ಕಂಡರೆ ಸಾಕು, ಭಾನುವಾರ ಕಾರುಗಳು ಯಾರದ್ದೋ ತೋಟದ ಬಾಗಿಲಿಗೆ ಬಂದು ನಿಲ್ಲುತ್ತವೆ, ಬಾಟಲಿ ಹಳ್ಳದಲ್ಲಿ ಬೀಳುತ್ತದೆ, ಸುಳಿ ಇರುವ ಗುಂಡಿ ಯಾವುದು ಅಂತ ಗೊತ್ತಿಲ್ಲದ ಹುಡುಗರು ನೀರಿಗೆ ಇಳಿಯುತ್ತಾರೆ. ಖಾಸಗಿ ತೋಟದ ಒಳಗಿನ ದಾರಿಯನ್ನು ಖಾಸಗಿ ಅಂತಲೇ ಗುರುತಿಸಬಹುದು. ಊರಿನವರು ಬೇಡ ಅಂದರೆ ನಾನಂತೂ ಸೇರಿಸುವುದಿಲ್ಲ.

ಹೌದು, ಆಪಲ್, ಮೈಕ್ರೋಸಾಫ್ಟ್, ಮೆಟಾ, ಅಮೆಜಾನ್ ಇವರೆಲ್ಲ ಈ ಮಾಹಿತಿ ಬಳಸುತ್ತಾರೆ, ದುಡ್ಡೂ ಮಾಡುತ್ತಾರೆ. "ನೀನು ಅವರಿಗೆ ಪುಕ್ಕಟೆ ದುಡಿದ ಹಾಗಾಯಿತು" ಅನ್ನುತ್ತಾರೆ ಗೆಳೆಯರು. ಲೈಸೆನ್ಸ್ ಪ್ರಕಾರ ಅವರು ಓಪನ್‌ಸ್ಟ್ರೀಟ್‌ಮ್ಯಾಪ್ ಹೆಸರು ಹೇಳಲೇಬೇಕು. ಈ ಮಾಹಿತಿಯನ್ನು ಬೆಳೆಸಿ ಹೊರಗೆ ಕೊಟ್ಟರೆ ಅದನ್ನೂ ಇದೇ ಷರತ್ತಿನಲ್ಲಿ ಎಲ್ಲರಿಗೂ ಬಿಡಬೇಕು. ನನಗೆ ಅಷ್ಟು ಸಾಕು. ಅವರು ಬಳಸಿದರು ಅಂತ ನಮ್ಮೂರಿನ ಸಂಕ ನಕ್ಷೆಯಿಂದ ಹೋಗುವುದಿಲ್ಲವಲ್ಲ.

2024ರ ಮಳೆಗಾಲ ನಮ್ಮ ಜಿಲ್ಲೆಯಲ್ಲಿ ಯಾರೂ ಮರೆಯುವಂಥದ್ದಲ್ಲ. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ 66 ಮುಚ್ಚಿತು. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು, ಆಮೇಲೆ ಎರಡೂ ಕಡೆಯ ವಾಹನಗಳು ಹೊಸ ಸೇತುವೆಯ ಮೇಲೇ ಹೋಗಬೇಕಾಯಿತು. ಇಂಥ ಹೊತ್ತಿನಲ್ಲಿ ನಕ್ಷೆ ಅದೇ ದಿನ ಬದಲಾಗಬೇಕು. 2010ರಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ಬೇರೆ ಬೇರೆ ದೇಶಗಳ ಸ್ವಯಂಸೇವಕರು ಕೆಲವೇ ದಿನಗಳಲ್ಲಿ ಪೋರ್ಟೋಪ್ರಿನ್ಸ್ ನಗರದ ರಸ್ತೆಗಳನ್ನು ಎಳೆದುಕೊಟ್ಟರು, ಪರಿಹಾರಕ್ಕೆ ಬಂದವರು ಅದನ್ನು ಬಳಸಿದರು. ನಮ್ಮಲ್ಲೂ ದೂರದವರು ನೆರವಿಗೆ ಬರುತ್ತಾರೆ, ಆದರೆ ಯಾವ ಸಂಕ ಕೊಚ್ಚಿಹೋಗಿದೆ, ಯಾವ ಬಳಸುದಾರಿಯಲ್ಲಿ ಜೀಪ್ ಹೋಗುತ್ತದೆ ಅಂತ ಹೇಳಲು ಸ್ಥಳೀಯರೇ ಬೇಕು. ಆ ಕೆಲಸವನ್ನು ಆಪತ್ತು ಬಂದ ದಿನ ಕಲಿಯಲು ಆಗುವುದಿಲ್ಲ.

ಹಾಗಾಗಿ ನನ್ನದೂ ಒಂದು ಕೋರಿಕೆ ಇದೆ. ಸ್ಟ್ರೀಟ್‌ಕಂಪ್ಲೀಟ್ ಅನ್ನುವ ಆ್ಯಪ್ ಫೋನಿಗೆ ಹಾಕಿಕೊಳ್ಳಿ. ನೀವು ನಿಂತ ಜಾಗದ ಬಗ್ಗೆ ಅದು ಸಣ್ಣ ಸಣ್ಣ ಪ್ರಶ್ನೆ ಕೇಳುತ್ತದೆ: ಈ ರಸ್ತೆ ಡಾಂಬರಿನದ್ದಾ ಮಣ್ಣಿನದ್ದಾ, ಈ ಬಸ್ ಸ್ಟಾಪಿಗೆ ಮೇಲೆ ಮಾಡು ಇದೆಯಾ? ಬಸ್ಸಿಗೆ ಕಾಯುತ್ತಾ ಉತ್ತರ ಕೊಡಬಹುದು. ಜೋಯಿಡಾ, ಯಲ್ಲಾಪುರದ ಕಡೆಯವರು ಬಂದರೆ ತುಂಬಾ ಖುಷಿ, ಅಲ್ಲಿನ ಕಾಲುದಾರಿಗಳು ನನಗೆ ಗೊತ್ತಿಲ್ಲ. ಗಜನಿಯಲ್ಲಿ ಕೆಲಸ ಮಾಡಿದವರು ಮನೆಯಲ್ಲಿ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರು ಮಾಡಿ, ಯಾವ ಗದ್ದೆಗೆ ಯಾವ ತಿಂಗಳು ನೀರು ಬಿಡುತ್ತಾರೆ ಅಂತ ಮೊದಲು ಕೇಳಿ.