"ಸರ್, ನಾಯಿ ಕಡಿತದೇನ್ರೀ?"

ಕಲಬುರಗಿಯಲ್ಲಿ ಕಾವಲು ನಾಯಿಗಳನ್ನು ಪಳಗಿಸುವುದು, ಬೇರೆಯವರು ಪಳಗಿಸಿದ ನಾಯಿಗಳನ್ನು ಪರೀಕ್ಷೆ ಮಾಡಿ ಹೇಳುವುದು ನನ್ನ ಕೆಲಸ. ಗಂಜಿನ (ಇಲ್ಲಿನ ಧಾನ್ಯದ ಮಾರುಕಟ್ಟೆಯ) ದಾಲ್ ಮಿಲ್ಲಿನವರು, ಶಹಾಬಾದ್ ಕಡೆಯ ಕಲ್ಲು ಗಣಿಯವರು, ಊರ ಹೊರಗೆ ಮನೆ ಕಟ್ಟಿಸಿಕೊಂಡವರು, ಎಲ್ಲರೂ ಮೊದಲು ಕೇಳುವುದು ಇದನ್ನೇ: "ಸರ್, ನಾಯಿ ಕಡಿತದೇನ್ರೀ?"

ಕಡಿತದ. ಹಲ್ಲಿರುವ ಯಾವ ನಾಯಿಯಾದರೂ ಕಡಿಯುತ್ತದೆ. ಅಂಜುಬುರುಕ ನಾಯಿಯಂತೂ ಎಲ್ಲಕ್ಕಿಂತ ಮೊದಲು ಕಡಿಯುತ್ತದೆ. ಹಾಗಾಗಿ ಕಡಿಯುವುದು ನನಗೆ ದೊಡ್ಡ ವಿಷಯವೇ ಅಲ್ಲ. ಯಾರನ್ನು ಕಡಿಯದೆ ಸುಮ್ನೆ ಬಿಡುತ್ತದೆ, ಹಿಡಿದ ಮೇಲೆ "ಬಿಡು" ಅಂದರೆ ಬಿಡುತ್ತದಾ, ನಾನು ನೋಡುವುದು ಇವೆರಡನ್ನು.

ದಾಲ್ ಮಿಲ್ಲನ್ನೇ ತಗೊಳ್ಳಿ. ತೊಗರಿ ಸುಗ್ಗಿ ಬಂತೆಂದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಹಮಾಲರು, ಲಾರಿ ಡ್ರೈವರ್‌ಗಳು, ದಲಾಲರು, ಚಹಾ ತರುವ ಹುಡುಗ. ಎಲ್ಲ ಹೊಸ ಮುಖಗಳೇ. ಹಗಲಿಡೀ ಇವರನ್ನು ಸಹಿಸಿಕೊಂಡಿದ್ದು ರಾತ್ರಿ ಗೋಡೆ ಹಾರಿದವನನ್ನು ಮಾತ್ರ ತಡೆಯುವ ನಾಯಿ ಬೇಕು. ಸರಪಳಿಯಲ್ಲಿ ಕಟ್ಟಿಹಾಕಿ, ಖಾರ ತಿನ್ನಿಸಿ, ಹೊಡೆದು "ಸಿಟ್ಟು ಬರಿಸಿದ" ನಾಯಿಗೆ ಇದು ಆಗುವ ಮಾತಲ್ಲ. ಅದು ಮೊದಲು ಕಚ್ಚುವುದು ಅನ್ನ ಹಾಕುವ ವಾಚ್‌ಮನ್‌ನನ್ನೇ.

ಅದಕ್ಕೇ ಮೊದಲು ನಾಯಿಯ ಸ್ವಭಾವ ನೋಡುತ್ತೇನೆ. ಅಮೆರಿಕದಲ್ಲಿ 1977ರಲ್ಲಿ ಶುರುವಾದ ಟೆಂಪರಮೆಂಟ್ ಟೆಸ್ಟ್ ಸೊಸೈಟಿಯ ಒಂದು ಪರೀಕ್ಷೆ ಇದೆ, ನನ್ನದು ಹೆಚ್ಚುಕಡಿಮೆ ಅದರ ದಾರಿಯಲ್ಲೇ ಹೋಗುತ್ತದೆ. ನಾಯಿಗೆ 18 ತಿಂಗಳು ತುಂಬಿರಬೇಕು. ಹಗ್ಗ ಸಡಿಲವಾಗಿರಬೇಕು. ಹಿಡಿದವನು ನಾಯಿಯ ಜೊತೆ ಮಾತಾಡುವ ಹಾಗಿಲ್ಲ. ಮೊದಲು ಒಬ್ಬ ಅಪರಿಚಿತ ಬಂದು ಮಾಲಕನ ಕೈ ಕುಲುಕಿ, ನಾಯಿಯನ್ನು ಕಣ್ಣೆತ್ತಿಯೂ ನೋಡದೆ ಹೋಗುತ್ತಾನೆ. ಇನ್ನೊಬ್ಬ ಬಂದು ಪ್ರೀತಿಯಿಂದ ಮೈ ಸವರುತ್ತಾನೆ. ಮರೆಯಲ್ಲಿಟ್ಟ ಡಬ್ಬಿಯಲ್ಲಿ ಕಲ್ಲು ಗಡಗಡ ಅನ್ನುತ್ತದೆ. ಪಿಸ್ತೂಲಿನ ಸದ್ದಾಗುತ್ತದೆ. ಮುಂದೆಯೇ ಛತ್ರಿ ಫಟ್ ಅಂತ ಬಿಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ, ತಂತಿ ಜಾಲರಿಯ ಮೇಲೆ ನಡೆಯಬೇಕು. ಕೊನೆಗೆ ವಿಚಿತ್ರವಾಗಿ ಆಡುವ ಒಬ್ಬ ದೂರದಿಂದ ಹತ್ತಿರ ಹತ್ತಿರ ಬರುತ್ತಾನೆ. ಪಿಸ್ತೂಲಿನ ಬದಲು ನಾನು ಪಟಾಕಿ ಹಚ್ಚುತ್ತೇನೆ, ಪ್ಲಾಸ್ಟಿಕ್ ಬದಲು ಗಂಜಿನ ತಾಡಪತ್ರಿ ಹಾಸುತ್ತೇನೆ, ಅಷ್ಟೇ ವ್ಯತ್ಯಾಸ.

ಇಲ್ಲಿ ಜನ ತಪ್ಪು ತಿಳಿಯುವುದು ಒಂದಿದೆ. ನಾಯಿ ಬೆಚ್ಚಿತು ಅಂದ ಕೂಡಲೇ "ಪುಕ್ಕಲು" ಅಂದುಬಿಡುತ್ತಾರೆ. ಸದ್ದಿಗೆ ಬೆಚ್ಚದ ಪ್ರಾಣಿ ಯಾವುದಿದೆ? ಬೆಚ್ಚಿದ ಮೇಲೆ ಏನು ಮಾಡುತ್ತದೆ ನೋಡಿ. ಒಳ್ಳೆಯ ನಾಯಿ ಒಂದು ಹೆಜ್ಜೆ ಹಿಂದೆ ಸರಿದು, ಕಿವಿ ನಿಮಿರಿಸಿ, ಆಮೇಲೆ ತಾನಾಗಿ ಹೋಗಿ ಆ ಡಬ್ಬಿಯನ್ನು ಮೂಸುತ್ತದೆ. ಕೆಟ್ಟದ್ದು ಬಾಲ ಹೊಟ್ಟೆಗೆ ಒತ್ತಿಕೊಂಡು ಹಗ್ಗ ಜಗ್ಗುತ್ತಲೇ ಇರುತ್ತದೆ, ಇಲ್ಲವೇ ಏನೂ ಮಾಡದೆ ನಿಂತವನ ಮೇಲೆ ಎರಗುತ್ತದೆ. ಇವೆರಡನ್ನೂ ನಾನು ಅಲ್ಲೇ ವಾಪಸ್ ಕಳಿಸುತ್ತೇನೆ, ಮುಂದಿನ ಪರೀಕ್ಷೆ ಮಾಡುವುದೇ ಇಲ್ಲ. ಮತ್ತೆ, ಇದನ್ನೆಲ್ಲ ನಾಯಿಯ ಸ್ವಂತ ಅಂಗಳದಲ್ಲಿ ಮಾಡಬಾರದು. ತನ್ನ ಜಾಗದಲ್ಲಿ ಎಲ್ಲ ನಾಯಿಯೂ ಹುಲಿಯೇ.

ಇನ್ನು ಕಾವಲಿನ ಪರೀಕ್ಷೆ. ಇದರ ಮೂಲ ಜರ್ಮನಿಯ ಶುಟ್ಸ್‌ಹುಂಡ್ ಅನ್ನುವ ನಾಯಿ ಸ್ಪರ್ಧೆ. ಈಗ ಅದನ್ನೇ ಐಜಿಪಿ (IGP) ಅನ್ನುತ್ತಾರೆ. ವಾಸನೆ ಹಿಡಿಯುವುದು, ಮಾತು ಕೇಳುವುದು, ಕಾವಲು, ಮೂರು ಭಾಗ, ಒಂದೊಂದಕ್ಕೆ 100 ಅಂಕ. ಮೇಲಿನ ಹಂತದಲ್ಲಿ ಕಾವಲಿನ ಭಾಗಕ್ಕೆ ಮೈದಾನದಲ್ಲಿ ಆರು ಮರೆಗಳಿರುತ್ತವೆ. ನಾಯಿ ಹುಡುಕುತ್ತಾ ಹೋಗಿ ಒಂದರ ಹಿಂದೆ ಕಳ್ಳನ ಹಾಗೆ ಅಡಗಿದವನನ್ನು ಪತ್ತೆ ಮಾಡಬೇಕು. ಅವನು ಅಲುಗಾಡದೆ ನಿಂತಿದ್ದರೆ ಕಡಿಯುವಂತಿಲ್ಲ, ಎದುರಿಗೆ ನಿಂತು ಬೊಗಳುತ್ತಲೇ ಇರಬೇಕು. ಓಡಿದರೆ ಅಥವಾ ಮೈಮೇಲೆ ಬಂದರೆ ಮಾತ್ರ ತೋಳಿನ ದಪ್ಪ ಕವಚ ಹಿಡಿಯಬೇಕು. ಮೆತ್ತಗಿನ ಕೋಲು ಎತ್ತಿ ಹೆದರಿಸಿದರೂ ಹಿಡಿತ ಸಡಿಲಬಾರದು. "ಬಿಡು" ಅಂದಾಗ ಬಿಡಬೇಕು. ಮೂರು ಸಲ ಹೇಳಿದರೂ ಬಿಡದಿದ್ದರೆ ಆ ನಾಯಿ ಸ್ಪರ್ಧೆಯಿಂದಲೇ ಹೊರಗೆ, ಅದು ಎಷ್ಟೇ ಜೋರಾಗಿ ಹಿಡಿದಿರಲಿ.

ಆದರೆ ಮೈದಾನದಲ್ಲಿ ಚೆನ್ನಾಗಿ ಆಡಿದ ನಾಯಿ ಗೋದಾಮಿಗೂ ಆಗುತ್ತದೆ ಅಂತೇನಿಲ್ಲ. ಎಷ್ಟೋ ನಾಯಿಗಳಿಗೆ ಆ ಕವಚ ಒಂದು ಆಟದ ಸಾಮಾನು. ಇದನ್ನು ಪತ್ತೆ ಮಾಡುವುದು ಸುಲಭ. ನಾಯಿ ಹಿಡಿದಿರುವಾಗಲೇ ಕವಚವನ್ನು ಕಳಚಿ ಬಿಟ್ಟುಬಿಡಬೇಕು. ಅದನ್ನು ಕಚ್ಚಿಕೊಂಡು ಖುಷಿಯಲ್ಲಿ ಸುತ್ತು ಹಾಕಿದರೆ ಅದಕ್ಕೆ ಆಟ ಬೇಕಾಗಿದೆ. ಕವಚ ಬಿಟ್ಟು ಮನುಷ್ಯನ ಕಡೆ ತಿರುಗಿ ನಿಂತರೆ ಅದಕ್ಕೆ ಕೆಲಸ ಗೊತ್ತಿದೆ. ಕೊಳ್ಳುವವರಿಗೆ ಇದನ್ನೊಂದು ತೋರಿಸಿ ಅಂತ ಕೇಳಲು ತಪ್ಪದೆ ಹೇಳುತ್ತೇನೆ.

ನಮ್ಮ ಕಡೆ ಬಿಸಿಲಿನ ಲೆಕ್ಕವೂ ಇಡಬೇಕು. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಯಾವ ನಾಯಿಯನ್ನೂ ಪರೀಕ್ಷೆ ಮಾಡಬೇಡಿ. ನಾಯಿಗೆ ಮನುಷ್ಯರ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ತೇಕುವ ಬಾಯಿಂದ ಗಟ್ಟಿ ಹಿಡಿತ ಹೇಗೆ ಬರುತ್ತದೆ? ಸುಮ್ಮನೆ ನಾಯಿಯ ಜೀವಕ್ಕೆ ಕುತ್ತು.

"ಮರಿ ಇದ್ದಾಗಲೇ ನೋಡಿ ಹೇಳ್ರಿ" ಅನ್ನುವವರೂ ಇದ್ದಾರೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ಮರಿಯ ಉಗುರು ಎಣಿಸುತ್ತಾರೆ, ಅಂಗುಳ ಕಪ್ಪಿದೆಯಾ ನೋಡುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. 49ನೇ ದಿನ ಮಾಡುವ ವೋಲ್ಹಾರ್ಡ್ ಪರೀಕ್ಷೆ ಅಂತ ಒಂದಿದೆ, ಮರಿ ಎಂಥ ಮನೆಗೆ ಹೊಂದೀತು ಅನ್ನಲು ಅಷ್ಟೋ ಇಷ್ಟೋ ಅನುಕೂಲ. ದೊಡ್ಡದಾದ ಮೇಲೆ ಕಾವಲು ಕಾಯುತ್ತದಾ ಅಂತ ಅದು ಹೇಳಲಾರದು. ಸ್ವೀಡನ್‌ನಲ್ಲಿ ಎಂಟು ವಾರದ ಮರಿಗಳನ್ನು ಪರೀಕ್ಷಿಸಿ, ಬೆಳೆದ ಮೇಲೆ ಮತ್ತೆ ನೋಡಿದಾಗಲೂ ಎರಡಕ್ಕೂ ತಾಳೆ ಆಗಲಿಲ್ಲ. ಮರಿಗೆ ದುಡ್ಡು ಕೊಡುವವರು ಅದೃಷ್ಟಕ್ಕೆ ಕೊಡುತ್ತಿದ್ದಾರೆ.

ಮುಧೋಳ ನಾಯಿಯ ಬಗ್ಗೆಯೂ ಕೇಳುತ್ತಾರೆ. ಅದರ ಸಂಶೋಧನಾ ಕೇಂದ್ರ ಇರುವುದು ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ, ನಡೆಸುವುದು ನಮ್ಮ ಬೀದರಿನ ಪಶು ವಿಶ್ವವಿದ್ಯಾಲಯ. ಸೇನೆಯೂ ಈ ನಾಯಿಗಳನ್ನು ಒಯ್ದು ಪಳಗಿಸಿ ನೋಡಿದೆ. ಚೆಂದದ ನಾಯಿ, ನನಗೆ ತುಂಬಾ ಇಷ್ಟ. ಆದರೆ ಅದು ಕಣ್ಣಿಂದ ನೋಡಿ ಬೆನ್ನಟ್ಟುವ ಬೇಟೆ ನಾಯಿ. ಬಯಲಲ್ಲಿ ದೂರದ ಚಲನೆ ಕಂಡು ಎಚ್ಚರಿಸಲು ಒಳ್ಳೆಯದು. ಕಳ್ಳನ ತೋಳು ಹಿಡಿದು ನಿಲ್ಲಲಿ ಅಂತ ಅದರಿಂದ ಬಯಸಬೇಡಿ.

ನಿಜ ಹೇಳಬೇಕೆಂದರೆ, ನನ್ನ ಹತ್ತಿರ ಬರುವ ಹೆಚ್ಚಿನವರಿಗೆ ಹಿಡಿಯುವ ನಾಯಿ ಬೇಕಾಗಿಯೇ ಇಲ್ಲ. ಬೊಗಳುವ ನಾಯಿ, ನಿದ್ದೆ ಮಾಡದ ವಾಚ್‌ಮನ್, ಒಂದು ಲೈಟು ಸಾಕು. ಹಿಡಿಯುವ ನಾಯಿ ಅಂದರೆ ಕೇಸಿನ ತಲೆನೋವೂ ಇದೆ. ಸಾಕಿದ ಪ್ರಾಣಿಯನ್ನು ಹದ್ದುಬಸ್ತಿನಲ್ಲಿ ಇಡದೆ ಯಾರದ್ದಾದರೂ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇಷ್ಟು ಕೇಳಿಯೂ ಬೇಕೇ ಬೇಕು ಅನ್ನುವವರು ನಾಯಿ ನೋಡಲು ಬರುವಾಗ ವಾಚ್‌ಮನ್‌ನನ್ನೂ ಕರೆದುಕೊಂಡು ಬನ್ನಿ. ನಾನು ಹೇಳಿದರೆ ನಾಯಿ ಬಿಡುತ್ತದೆ, ಸರಿ. ರಾತ್ರಿ ಅಲ್ಲಿರುವುದು ನಾನಲ್ಲವಲ್ಲ. ಅವನ ಮಾತಿಗೂ ಅದು ಬಿಡುವವರೆಗೆ ನಾಯಿಯನ್ನು ಕಳಿಸುವುದಿಲ್ಲ. ನಾಳೆ ಅವನು ಕೆಲಸ ಬಿಟ್ಟು ಹೊಸಬ ಬಂದರೆ, ಅವನನ್ನೂ ನಾಯಿಯನ್ನೂ ಮತ್ತೆ ಒಂದು ಸಲ ಕರೆತನ್ನಿ.