ಸಹಿ ನನ್ನದೇ, ಸಾಲ ಮಾತ್ರ ನನ್ನದಲ್ಲ

ಚೆಕ್ ಬೌನ್ಸ್ ಕೇಸುಗಳಲ್ಲಿ ಜಾಸ್ತಿ ಕೇಳಿಬರುವ ಮಾತಿದು. ಸಾಮಾನ್ಯವಾಗಿ ಸಾಲ ಕೊಟ್ಟೆ ಅನ್ನುವವರೇ ಅದನ್ನು ಸಾಬೀತು ಮಾಡಬೇಕು. 1872ರ ಸಾಕ್ಷ್ಯ ಕಾಯ್ದೆಯ 101ನೇ ಕಲಂ ಹೇಳಿದ್ದೂ ಇದನ್ನೇ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 104ನೇ ಕಲಂ ಹೇಳುವುದೂ ಇದನ್ನೇ. ಆದರೆ ಚೆಕ್ಕಿನ ಸಹಿ ತನ್ನದೇ ಅಂತ ಚೆಕ್ ಕೊಟ್ಟ ಆರೋಪಿ ಒಪ್ಪಿಕೊಂಡರೆ ಸಾಬೀತು ಮಾಡುವ ಹೊರೆ ಆರೋಪಿಯ ಕಡೆಗೆ ವಾಲುತ್ತದೆ. ಸಾಲ ಇತ್ತು ಅಂತಲೇ ಕೋರ್ಟ್ ಭಾವಿಸಬೇಕು; ಕರ್ನಾಟಕದಿಂದಲೇ ಹೋದ ಕೇಸೊಂದರಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು.

ಹಾಗಂತ ಕಥೆ ಮುಗೀತು ಅಂತಲ್ಲ. ಆರೋಪಿ ತನ್ನ ಮಾತು ನಂಬುವಂತಿದೆ ಅಂತ ತೋರಿಸಿದರೆ ಸಾಕು, ಅದಕ್ಕೆ ಸಾಕ್ಷಿಕಟ್ಟೆ ಹತ್ತಲೇಬೇಕು ಅಂತೇನಿಲ್ಲ. ಪಾಟೀಸವಾಲಿನಲ್ಲಿ "ಅಷ್ಟು ದುಡ್ಡು ಎಲ್ಲಿಂದ ತಂದ್ರಿ, ಪಾಸ್‌ಬುಕ್‌ನಲ್ಲಿ ಇದೆಯಾ?" ಅಂತ ಕೇಳಿದಾಗ ದೂರುದಾರ ತಡವರಿಸಿದರೆ ಅದೂ ನೆರವಿಗೆ ಬರುತ್ತದೆ. ಸುಮ್ನೆ "ಖಾಲಿ ಚೆಕ್ ಕೊಟ್ಟಿದ್ದೆ" ಅಂದರೆ ಮಾತ್ರ ಸಾಲದು.